ಮತಗಟ್ಟೆ, ಮೈದಾನ ಮತ್ತು ಒಂದು ಕಾಲುಸಂಕ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹರೂಪ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಪ್ರಜಾಪ್ರಭುತ್ವ ಮತ್ತು ಯುವಜನತೆ’ ಎಂದು ಅಚ್ಚು ಹಾಕಿಸಿದ್ದಾರೆ. ಅಷ್ಟು ದೊಡ್ಡ ವಿಷಯ ಮಾತಾಡಲು ನಾನು ಪ್ರೊಫೆಸರನಲ್ಲ. ನಾಲ್ಕು ಅಡಿಕೆ ಮರ ಇಟ್ಟುಕೊಂಡ ಮನುಷ್ಯ. ನನಗೆ ತಕ್ಕಮಟ್ಟಿಗೆ ಗೊತ್ತಿರುವುದು ಎರಡೇ. ಒಂದು, ಓಟಿನ ಸಾಲಿನಲ್ಲಿ ನಿಲ್ಲುವುದು. ಇನ್ನೊಂದು, ಫುಟ್‌ಬಾಲಿನಲ್ಲಿ ಲೆಫ್ಟ್ ಬ್ಯಾಕ್ ಆಡುವುದು. ಎರಡರಲ್ಲೂ ಒಮ್ಮೊಮ್ಮೆ ತಪ್ಪಿದ್ದೇನೆ. ಇವತ್ತು ಆ ತಪ್ಪುಗಳ ಬಗ್ಗೆಯೇ ಹೇಳುತ್ತೇನೆ, ಅಧ್ಯಕ್ಷರು ಕ್ಷಮಿಸಬೇಕು.

ಮೊದಲು ಓಟಿನ ಸಾಲು. ಅದರಲ್ಲಿ ನನ್ನ ಗುರು ನನ್ನ ಅಜ್ಜಿ. ದೇಶದ ಮೊದಲ ಮಹಾಚುನಾವಣೆ 1951–52ರಲ್ಲಿ ನಡೆದಾಗ ನಮ್ಮ ಜಿಲ್ಲೆ ಇನ್ನೂ ಮದ್ರಾಸ್ ರಾಜ್ಯದಲ್ಲಿತ್ತು. ಆ ಸಲ ದಕ್ಷಿಣ ಕನ್ನಡದಿಂದ ಲೋಕಸಭೆಗೆ ಹೋದವರು ಯು. ಶ್ರೀನಿವಾಸ ಮಲ್ಯರು ಮತ್ತು ಬಿ. ಶಿವರಾವ್ ಅವರು. ಈಗಿನ ಹಾಗೆ ಒಂದೇ ಯಂತ್ರ, ಒಂದೇ ಪೆಟ್ಟಿಗೆ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವರವರ ಗುರುತು. ಚೀಟಿಯನ್ನು ಬೇಕಾದ ಪೆಟ್ಟಿಗೆಗೆ ಹಾಕಿ ಬರುವುದು. ಅಕ್ಷರ ಬಾರದವರೂ ಓಟು ಹಾಕಬೇಕಲ್ಲ, ಅದಕ್ಕೆ ಆ ಉಪಾಯ. ಆ ಚುನಾವಣೆಯ ಮತದಾರರ ಪಟ್ಟಿಯಿಂದ ಸುಮಾರು 28 ಲಕ್ಷ ಹೆಂಗಸರ ಹೆಸರು ಬಿಟ್ಟುಹೋಯಿತು. ಹೆಚ್ಚಿನವರು ಉತ್ತರದ ರಾಜ್ಯಗಳವರು. ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದು ಬರೆಸಿದರೇ ಹೊರತು ಸ್ವಂತ ಹೆಸರು ಹೇಳಲಿಲ್ಲವಂತೆ. ನಮ್ಮ ಅಜ್ಜಿಗೆ ಆ ಸಂಕೋಚ ಇರಲಿಲ್ಲ. ತಾಯಿಯ ಕಡೆಯಿಂದ ಕುಟುಂಬ ಎಣಿಸುವ ಊರು ನಮ್ಮದು, ಹೆಸರು ಕೇಳಿದರೆ ಹೆಸರು ಹೇಳಿದಳು.

ಅವಳಿಗೆ ಬೇರೆ ಕಷ್ಟ ಇತ್ತು. ನಮ್ಮದು ಚಾಲಗೇಣಿಯ ಒಕ್ಕಲು. ಗದ್ದೆ ಧನಿಗಳದ್ದು, ಮನೆ ಇರುವ ಜಾಗ ಧನಿಗಳದ್ದು, ಬಾವಿಯೂ ಅವರದ್ದೇ. ಓಟಿನ ಹಿಂದಿನ ದಿನ ಪಾರುಪತ್ಯದವರು ಬಂದು ಯಾವ ಪೆಟ್ಟಿಗೆ ಎಂದು ಹೇಳಿ ಹೋಗುತ್ತಿದ್ದರು. ಅಜ್ಜಿ ತಲೆ ಆಡಿಸುತ್ತಿದ್ದಳು. ಮರುದಿನ ಆಯನಕ್ಕೆ ಉಡುವ ಸೀರೆ ಉಟ್ಟು, ಬಿಸಿಲು ಏರುವ ಮೊದಲೇ ಹೋಗಿ ಬರುತ್ತಿದ್ದಳು. ಯಾರಿಗೆ ಹಾಕಿದೆ ಎಂದು ಅಜ್ಜ ಕೇಳಿದರೂ ಹೇಳಲಿಲ್ಲ. ನಾನು ದೊಡ್ಡವನಾದ ಮೇಲೆ ಕೇಳಿದಾಗಲೂ ಹೇಳಲಿಲ್ಲ. “ಅದು ನನಗೂ ಪೆಟ್ಟಿಗೆಗೂ ಗೊತ್ತು” ಎಂದಷ್ಟೇ. ಇಡೀ ಬದುಕಿನಲ್ಲಿ ಅವಳದ್ದು ಎಂದು ಹೇಳಬಹುದಾದ, ಯಾರೂ ಕೈ ಹಾಕಲಾಗದ ವಸ್ತು ಅದೊಂದೇ ಇತ್ತೇನೋ ಎಂದು ಈಗ ಅನ್ನಿಸುತ್ತದೆ.

ಆಮೇಲೆ ದೇವರಾಜ ಅರಸರ ಕಾಲದ ಭೂಸುಧಾರಣೆ ಬಂತು. 1974ರ ಮಾರ್ಚ್ 1ರಿಂದ ಕಾಯ್ದೆ ಜಾರಿ. ಏಳನೇ ನಂಬ್ರದ ಫಾರ್ಮು ತುಂಬಿಸಿ ಡಿಕ್ಲರೇಶನ್ ಕೊಟ್ಟದ್ದು, ಟ್ರಿಬ್ಯೂನಲ್ಲಿಗೆ ಅಲೆದದ್ದು, ಧನಿಗಳ ಮನೆಯವರ ಮುಖ ನೋಡಲು ನಾಚಿಕೆಯಾಗಿ ಬೇರೆ ದಾರಿಯಲ್ಲಿ ಹೋದದ್ದು, ಇವೆಲ್ಲ ಇಲ್ಲಿ ಕೂತಿರುವ ಹಿರಿಯರಿಗೆ ನೆನಪಿರಬಹುದು. ಜಾಗ ಕಳೆದುಕೊಂಡವರ ನೋವೂ ಸುಳ್ಳಲ್ಲ. ಅವರ ಮಕ್ಕಳೂ ನಮ್ಮ ಜೊತೆಯೇ ಇಲ್ಲಿ ಕಲಿತವರು. ನಾನು ಹೇಳುವುದು ಇಷ್ಟೇ. ಅಜ್ಜಿ ಆ ಪೆಟ್ಟಿಗೆಗಳಿಗೆ ಚೀಟಿ ಹಾಕಲು ಶುರು ಮಾಡಿ ಇಪ್ಪತ್ತೆರಡು ವರ್ಷದ ಮೇಲೆ ಆ ಚೀಟಿ ಗದ್ದೆಯ ರೂಪದಲ್ಲಿ ಮನೆಗೆ ಬಂತು. ಗೇಣಿಯ ಅಕ್ಕಿ ಹೊರುವುದು ನಿಂತಿತು, ಮಕ್ಕಳನ್ನು ಹೈಸ್ಕೂಲಿಗೆ ಕಳಿಸುವ ಧೈರ್ಯ ಬಂತು. ಈ ಶಾಲೆಯ ಮೊದಮೊದಲ ಹಾಜರಿ ಪುಸ್ತಕಗಳನ್ನು ಯಾರಾದರೂ ತೆಗೆದು ನೋಡಿದರೆ, ಅದರಲ್ಲಿ ಎಷ್ಟು ಜನ ಒಕ್ಕಲು ಮಕ್ಕಳಿದ್ದರು ಎಂದು ತಿಳಿಯುತ್ತದೆ. ನಾನೂ ಒಬ್ಬ.

ನಾನು ಲೋಕಸಭೆಗೆ ಮೊದಲ ಸಲ ಓಟು ಹಾಕಿದ್ದು 1989ರ ನವೆಂಬರಿನಲ್ಲಿ. ವಿಧಾನಸಭೆಗೂ ಅದರ ಜೊತೆಗೇ ಚುನಾವಣೆ. ಅದೇ ವರ್ಷ ಮಾರ್ಚಿನಲ್ಲಿ ಓಟಿನ ವಯಸ್ಸು 21ರಿಂದ 18ಕ್ಕೆ ಇಳಿದಿತ್ತು. ನನಗೆ ಇಪ್ಪತ್ತೆರಡು, ತಂಗಿಗೆ ಹತ್ತೊಂಬತ್ತು. ನಾನು ಇಪ್ಪತ್ತೊಂದಾಗಲಿ ಎಂದು ಕಾದವನು, ಅವಳು ಕಾಯದೆಯೇ ಬಂದವಳು, ಇಬ್ಬರೂ ಒಂದೇ ದಿನ ಮೊದಲ ಓಟು. ಅಜ್ಜಿ ಮುಂದೆ, ನಾವು ಹಿಂದೆ. ಬೆರಳಿಗೆ ಹಚ್ಚಿದ ಶಾಯಿ ಮೈಸೂರಿನದ್ದು ಎಂದು ತಂಗಿ ಶಾಲೆಯಲ್ಲಿ ಕಲಿತದ್ದನ್ನು ದಾರಿಯುದ್ದಕ್ಕೂ ಹೇಳಿದಳು. 1962ರಿಂದ ಇಡೀ ದೇಶದ ಬೆರಳಿಗೆ ನಮ್ಮ ರಾಜ್ಯದ ಬಣ್ಣ ಎಂಬುದು ನಿಜವಾಗಿಯೂ ಹೆಮ್ಮೆಯ ಮಾತು.

ಇನ್ನು ಫುಟ್‌ಬಾಲ್.

ನಮ್ಮದು ಕಬಡ್ಡಿ, ವಾಲಿಬಾಲ್‌ನ ಊರು. ಹೊಕ್ಕಾಡಿಗೋಳಿ ಕಂಬಳದ ಮರುದಿನ ಕ್ಲಾಸಿನಲ್ಲಿ ಅರ್ಧ ಮಕ್ಕಳು ತೂಕಡಿಸುತ್ತಿದ್ದರು. ಫುಟ್‌ಬಾಲ್ ಅಂದರೆ ಆಟದ ಸಾಮಾನಿನ ಕೋಣೆಯಲ್ಲಿ ಗಾಳಿ ಇಲ್ಲದೆ ಚಪ್ಪಟೆಯಾಗಿ ಬಿದ್ದಿದ್ದ ಒಂದು ಚೆಂಡು. ನಾನು ಅದನ್ನು ಸರಿಯಾಗಿ ಒದ್ದದ್ದು ಮಂಗಳೂರಿನಲ್ಲಿ ಕಾಲೇಜಿಗೆ ಸೇರಿದ ಮೇಲೆ. ಅಲ್ಲಿ ಉಳ್ಳಾಲದ, ಕಸಬಾ ಬೆಂಗ್ರೆಯ ಹುಡುಗರು ಇದ್ದರು. ಸಮುದ್ರದ ಹೊಯಿಗೆಯಲ್ಲಿ ಆಡಿ ಬೆಳೆದವರು. ಚೆಂಡು ಅವರ ಕಾಲಿಗೆ ನಾಯಿಮರಿಯ ಹಾಗೆ ಅಂಟಿಕೊಳ್ಳುತ್ತಿತ್ತು. ನನಗೆ ಬರುತ್ತಿದ್ದುದು ಓಟ ಮಾತ್ರ. ಗದ್ದೆಯ ಹುಣಿಯಲ್ಲಿ ಓಡಿದ ಕಾಲು. ಓಡುವುದೊಂದೇ ಬರುವವನನ್ನು ಎಲ್ಲಿ ಹಾಕುತ್ತಾರೆ? ಲೆಫ್ಟ್ ಬ್ಯಾಕ್.

ಲೆಫ್ಟ್ ಬ್ಯಾಕ್‌ನ ಬದುಕು ಹೇಗೆ ಎಂದರೆ, ತೊಂಬತ್ತು ನಿಮಿಷದಲ್ಲಿ ಚೆಂಡು ಅವನ ಕಾಲಲ್ಲಿ ಇರುವುದು ಒಟ್ಟು ಒಂದೆರಡು ನಿಮಿಷ. ಉಳಿದ ಹೊತ್ತು ಸುಮ್ಮನೆ ಮುಂದೆ ಓಡುವುದು, ಹಿಂದೆ ಓಡುವುದು. ನೋಡುವವರಿಗೆ ಅವನು ಇದ್ದಾನೆಂದೇ ಗೊತ್ತಾಗುವುದಿಲ್ಲ. ಅವನು ಜಾಗದಲ್ಲಿ ಇಲ್ಲದಾಗ ಮಾತ್ರ ಗೊತ್ತಾಗುತ್ತದೆ. ಒಂದು ಅಂತರ ಕಾಲೇಜು ಪಂದ್ಯ, ನೆಹರೂ ಮೈದಾನ, ಸಂಜೆ. ಸೊನ್ನೆ–ಸೊನ್ನೆ. ಇನ್ನು ಐದು ನಿಮಿಷ ಇದೆ ಅನ್ನುವಾಗ ಒಂದು ಉದ್ದದ ಚೆಂಡು ನನಗೂ ಸೆಂಟರ್ ಬ್ಯಾಕ್‌ನವನಿಗೂ ಮಧ್ಯೆ ಬಿತ್ತು. ಅಂಥ ಹೊತ್ತಿನಲ್ಲಿ ಒಬ್ಬ ‘ನನ್ನದು’ ಎಂದು ಕೂಗಿ ಹೋಗಬೇಕು. ನಾವಿಬ್ಬರೂ ಒಟ್ಟಿಗೆ ‘ನಿನ್ನದು’ ಎಂದು ಕೂಗಿದೆವು. ಇಬ್ಬರೂ ನಿಂತೆವು. ಎದುರಿನವನು ನಮ್ಮ ನಡುವೆ ನುಗ್ಗಿ ಗೋಲು ಹೊಡೆದ. ಗುರಿಕಾರರು ಬೈಯಲಿಲ್ಲ. ರೂಮಿಗೆ ಬಂದು ಬೂಟು ಬಿಚ್ಚುವಾಗ ಇಷ್ಟೇ ಕೇಳಿದರು, “ಇಬ್ಬರೂ ಮರ್ಯಾದಸ್ಥರು, ಅಲ್ಲವಾ?”

ದೇಶದ ಫುಟ್‌ಬಾಲ್ ಕಥೆಯೂ ಬಹಳ ಸಲ ಹೀಗೆಯೇ ಆಗಿದೆ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಫ್ರಾನ್ಸ್ ವಿರುದ್ಧ ಆಡಿದರು. ಹೆಚ್ಚಿನವರು ಬರಿಗಾಲಲ್ಲಿ. ಬೆಂಗಳೂರಿನ ಅಹ್ಮದ್ ಖಾನ್ ಆ ತಂಡದಲ್ಲಿದ್ದರು. ಸಾರಂಗಪಾಣಿ ರಾಮನ್ ಒಂದು ಗೋಲು ಹೊಡೆದರು, ಎರಡು ಪೆನಾಲ್ಟಿ ತಪ್ಪಿಹೋಯಿತು, 1–2ರಿಂದ ಸೋತೆವು. ಎರಡು ವರ್ಷ ಕಳೆದು 1950ರಲ್ಲಿ ಬ್ರೆಜಿಲಿನ ವಿಶ್ವಕಪ್ಪಿಗೆ ಅವಕಾಶ ಸಿಕ್ಕಿತು. ನಾವು ಹೋಗಲೇ ಇಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲ, ಅದಕ್ಕೆ ಹೋಗಲಿಲ್ಲ ಎಂದು ನಮ್ಮ ಕಾಲದಲ್ಲಿ ಹೇಳುತ್ತಿದ್ದರು. ಆಗಿನವರ ಕಣ್ಣಿಗೆ ಒಲಿಂಪಿಕ್ಸ್ ದೊಡ್ಡದಾಗಿ ಕಂಡಿತ್ತು, ವಿಶ್ವಕಪ್ ಅಷ್ಟು ಮುಖ್ಯ ಅನ್ನಿಸಲಿಲ್ಲ, ಅದೇ ನಿಜವಾದ ಕಾರಣ ಇರಬೇಕು. 1951ರಲ್ಲೂ 1962ರಲ್ಲೂ ಏಷ್ಯನ್ ಗೇಮ್ಸ್ ಚಿನ್ನ ಬಂತು, 1956ರ ಮೆಲ್ಬರ್ನ್‌ನಲ್ಲಿ ನಾಲ್ಕನೇ ಸ್ಥಾನ ಬಂತು. ವಿಶ್ವಕಪ್ಪಿನ ಬಾಗಿಲು ಮಾತ್ರ ಇವತ್ತಿನವರೆಗೆ ಮತ್ತೆ ತೆರೆದಿಲ್ಲ. ಪ್ರತಿ ನಾಲ್ಕು ವರ್ಷಕ್ಕೆ ನಾವು ಅರ್ಜೆಂಟೀನಾ, ಬ್ರೆಜಿಲ್ ಬಾವುಟ ಕಟ್ಟಿ, “ನೂರನಲವತ್ತು ಕೋಟಿಯಲ್ಲಿ ಹನ್ನೊಂದು ಜನ ಸಿಗುವುದಿಲ್ಲವಾ?” ಎಂದು ಕೇಳುತ್ತೇವೆ. ನೂರನಲವತ್ತು ಕೋಟಿಯಲ್ಲಿ ಯಾರೂ ಹನ್ನೊಂದನ್ನು ಆರಿಸಲಾರರು. ಇಂಥ ಶಾಲೆಯ ಮೈದಾನದಲ್ಲಿ ಸಂಜೆ ಇಪ್ಪತ್ತೆರಡು ಮಕ್ಕಳು ಬಂದರೆ ಅವರಲ್ಲಿ ಹನ್ನೊಂದನ್ನು ಆರಿಸಬಹುದು.

ಈಗ ನಾನು ಹೇಳಬೇಕಾದ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳಲೋ ಬೇಡವೋ ಎಂದು ನಿನ್ನೆ ರಾತ್ರಿಯವರೆಗೂ ಯೋಚಿಸಿದ್ದೆ.

2010ರ ಮೇ ತಿಂಗಳಲ್ಲಿ ಗ್ರಾಮ ಪಂಚಾಯತ್ ಚುನಾವಣೆ ಬಂತು. ನಮ್ಮ ವಾರ್ಡಿನಲ್ಲಿ ಒಬ್ಬ ಅಕ್ಕ ನಿಂತಿದ್ದರು. ಇದೇ ಶಾಲೆಯ ಹಳೆ ವಿದ್ಯಾರ್ಥಿನಿ, ನನಗಿಂತ ಎರಡು ವರ್ಷ ಮುಂದೆ. ಬೀಡಿ ಕಟ್ಟಿ ಸಂಸಾರ ನಡೆಸಿದವರು. ಅವರ ಮಾತು ಒಂದೇ: ತೋಡಿಗೆ ಒಂದು ಕಾಲುಸಂಕ. ನಮ್ಮ ಬೈಲಿನಿಂದ ಶಾಲೆಗೆ ಬರುವ ದಾರಿಯಲ್ಲಿ ತೋಡು ಇದೆ. ಅದರ ಮೇಲೆ ಎರಡು ಅಡಿಕೆ ಮರ ಅಡ್ಡ ಹಾಕಿದ ಪಾಲ, ಹಿಡಿದುಕೊಳ್ಳಲು ಒಂದು ಬಿದಿರು. ಜೂನ್ ಎರಡನೇ ವಾರದಿಂದ ನೀರು ಪಾಲದ ಅಡಿಗೆ ತಾಗುತ್ತಿತ್ತು. ಜೋರು ಮಳೆಯ ದಿನ ಆಚೆ ಬದಿಯ ಮಕ್ಕಳು ಮನೆಯಲ್ಲೇ ಉಳಿಯುತ್ತಿದ್ದರು. ಅಕ್ಕ ನಮ್ಮ ಮನೆಗೆ ಬಂದಾಗ ನನ್ನ ಹೆಂಡತಿ ಚಾ ಕೊಟ್ಟಳು. ನಾನು, “ಅಕ್ಕಾ, ನಮ್ಮ ಮನೆಯ ನಾಲ್ಕೂ ಓಟು ನಿಮಗೆ, ನೀವು ಬರಬೇಕಾಗಿಯೇ ಇರಲಿಲ್ಲ” ಎಂದೆ.

ಅದೇ ದಿನ ಮಂಗಳೂರಿನಲ್ಲಿ ನಮ್ಮ ಕಾಲೇಜು ತಂಡದ ಹಳಬರ ಪಂದ್ಯ ಇತ್ತು. ಮೇ ಅಂದರೆ ಗಲ್ಫಿನವರು, ಬೊಂಬಾಯಿಯವರು ಊರಿಗೆ ಬರುವ ತಿಂಗಳು. ಹಳಬರು ಒಂದು ಕಡೆ, ಈಗಿನ ಹುಡುಗರು ಒಂದು ಕಡೆ. ನನಗೆ ಆಗ ನಲವತ್ತು ದಾಟಿತ್ತು, ಹೊಟ್ಟೆಯೂ ಬಂದಿತ್ತು. ಆದರೂ ಕರೆ ಬಂದಾಗ ಹದಿನೆಂಟರ ಹುಡುಗನ ಹಾಗೆ ಹೊರಟೆ. ಬೆಳಗ್ಗೆ ಏಳಕ್ಕೆ ಓಟು ಹಾಕಿ ಹೋಗಬಹುದಿತ್ತು. ಸಾಲು ಉದ್ದ ಇತ್ತು, ಬಸ್ಸು ಬಂತು. ಮೂರು ಗಂಟೆಗೆ ಬಂದುಬಿಡುತ್ತೇನೆ, ಐದರವರೆಗೆ ಟೈಮ್ ಇದೆಯಲ್ಲ ಎಂದುಕೊಂಡೆ. ಮನೆಯವರು ಹೇಗೂ ಹಾಕುತ್ತಾರೆ. ಊರಿಡೀ ಅಕ್ಕನ ಪರ ಇದೆ. ನನ್ನದೊಂದು ಯಾವ ಲೆಕ್ಕ?

ಪಂದ್ಯ ಮುಗಿದು ಊಟ ಮುಗಿಯುವಾಗ ಮೂರು ಕಳೆದಿತ್ತು. ಸ್ಟೇಟ್‌ಬ್ಯಾಂಕ್‌ನಲ್ಲಿ ಬಸ್ಸು ಹತ್ತಿದೆ. ಬಿ.ಸಿ. ರೋಡಿನಲ್ಲಿ ವಾಹನಗಳ ಸಾಲು ಅಲುಗಾಡಲಿಲ್ಲ. ಬಂಟ್ವಾಳ ದಾಟುವಾಗ ಗುಡುಗು, ರಾಯಿ ಹತ್ತಿರ ಬರುವಾಗ ಮಳೆ. ಮತಗಟ್ಟೆಯ ಗೇಟಿಗೆ ತಲುಪಿದಾಗ ಐದು ಗಂಟೆ ಇಪ್ಪತ್ತು ನಿಮಿಷ. ಸಾಲಿನಲ್ಲಿ ಇದ್ದವರಿಗೆ ಐದು ಗಂಟೆಗೇ ಚೀಟಿ ಕೊಟ್ಟು ಗೇಟು ಹಾಕಿ ಆಗಿತ್ತು. ಪೊಲೀಸಿನವನು ಪರಿಚಯದವನು. “ಕಾನೂನು, ಅಣ್ಣಾ” ಎಂದ. ಅವನು ಮಾಡಿದ್ದು ಸರಿ.

ಎಣಿಕೆಯ ದಿನ ಅಕ್ಕನಿಗೂ ಎದುರಿನವರಿಗೂ ಸಮ ಸಮ ಓಟು ಬಿತ್ತು. ಎರಡನೇ ಸಲ ಎಣಿಸಿದರು, ಆಗಲೂ ಸಮ. ಹಾಗಾದಾಗ ಚೀಟಿ ಎತ್ತುವುದು ನಿಯಮ. ಎತ್ತಿದರು. ಅಕ್ಕನ ಹೆಸರು ಬರಲಿಲ್ಲ.

ಎರಡು ದಿನ ಕಳೆದು ದಾರಿಯಲ್ಲಿ ಸಿಕ್ಕರು. ಅವರಿಗೆ ನಾನು ಓಟು ಹಾಕದ್ದು ಗೊತ್ತಿತ್ತು. ಏಜೆಂಟರ ಪಟ್ಟಿಯಲ್ಲಿ ಯಾರ ಹೆಸರಿಗೆ ಗೀಟು ಬಿದ್ದಿಲ್ಲ ಎಂಬುದು ಊರಿಗೇ ಗೊತ್ತಿರುತ್ತದೆ. ನಾನು ಏನಾದರೂ ಹೇಳುವ ಮೊದಲೇ ಅವರು ಕೇಳಿದರು, “ಮ್ಯಾಚ್ ಎಂಚ ಆಂಡ್ ಮಾರಾಯಾ?” ಕೊಂಕು ಇರಲಿಲ್ಲ, ನಿಜವಾಗಿಯೇ ಕೇಳಿದರು. ಡ್ರಾ ಆಯಿತು ಎಂದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು.

ಗೆದ್ದವರು ಕೆಟ್ಟವರೇನಲ್ಲ. ಅವರ ಬದಿಗೆ ನೀರಿನ ಪೈಪು ಬಂತು, ಅದೂ ಬೇಕಾದದ್ದೇ. ನಮ್ಮ ತೋಡಿಗೆ ಕಾಲುಸಂಕ ಬಂದದ್ದು ಏಳು ಮಳೆಗಾಲ ಕಳೆದ ಮೇಲೆ. ಆ ಏಳು ಮಳೆಗಾಲವೂ ನನ್ನ ಮಗಳು ಅದೇ ಅಡಿಕೆ ಮರದ ಪಾಲದ ಮೇಲೆ ಶಾಲೆಗೆ ಬಂದಳು. ಜೂನ್, ಜುಲೈ, ಆಗಸ್ಟ್, ಬೆಳಗ್ಗೆ ನಾನು ಅವಳ ಕೈ ಹಿಡಿದು ದಾಟಿಸುತ್ತಿದ್ದೆ. ಆಚೆ ದಡದಲ್ಲಿ ಅಕ್ಕ ಬೇರೆ ಮಕ್ಕಳ ಕೈ ಹಿಡಿದು ನಿಂತಿರುತ್ತಿದ್ದರು. ಮಗಳು ಒಮ್ಮೆ ಕೇಳಿದಳು, “ಅಪ್ಪಾ, ಸಂಕ ಯಾಕೆ ಬರಲಿಲ್ಲ?” ನಾನು ಸರಕಾರಕ್ಕೆ ಬೈದೆ. ನಿಜ ಹೇಳಿದ್ದು ಅವಳು ಓಟಿನ ಕಾರ್ಡು ಮಾಡಿಸಿದ ದಿನ.

ಒಂದು ಓಟಿನಿಂದ ಏನಾಗುತ್ತದೆ ಎಂದು ಕೇಳುವವರಿಗೆ 2004ರ ಸಂತೇಮರಹಳ್ಳಿಯ ಕಥೆ ಹೇಳುವುದು ವಾಡಿಕೆ. ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ವಿಧಾನಸಭೆಗೆ ಒಂದೇ ಓಟಿನ ಗೆಲುವು. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಅಂತರ 16. ಆದರೆ ಮಕ್ಕಳ ಹತ್ತಿರ ಪ್ರಾಮಾಣಿಕವಾಗಿ ಮಾತಾಡಬೇಕು. ನೂರರಲ್ಲಿ ತೊಂಬತ್ತೊಂಬತ್ತು ಸಲ ನಿಮ್ಮ ಒಂದು ಓಟಿನಿಂದ ಫಲಿತಾಂಶ ಬದಲಾಗುವುದಿಲ್ಲ. ಅಜ್ಜಿ ಹಾಕಿದವರು ಎಷ್ಟು ಸಲ ಸೋತರೋ ಯಾರಿಗೆ ಗೊತ್ತು? ಅವಳು ಹೋಗುವುದು ಬಿಡಲಿಲ್ಲ. ಲೆಫ್ಟ್ ಬ್ಯಾಕ್ ಕೂಡ ನೂರು ಸಲ ಸುಮ್ಮನೆ ಹಿಂದೆ ಓಡುತ್ತಾನೆ. ಯಾವ ಸಲ ಚೆಂಡು ಬರುತ್ತದೆಂದು ಮೊದಲೇ ತಿಳಿಯುವಂತಿದ್ದರೆ ಉಳಿದ ತೊಂಬತ್ತೊಂಬತ್ತು ಸಲ ಕೂತು ವಿಶ್ರಾಂತಿ ತೆಗೆದುಕೊಳ್ಳಬಹುದಿತ್ತು.

2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಜಿಲ್ಲೆಯಲ್ಲಿ ಶೇ. 77ಕ್ಕೂ ಹೆಚ್ಚು ಮತದಾನ ಆಯಿತು. ಅದೇ ದಿನ, ಏಪ್ರಿಲ್ 26ರಂದು, ಬೆಂಗಳೂರು ದಕ್ಷಿಣದಲ್ಲಿ ಶೇ. 53ರ ಆಸುಪಾಸು. ಹಿಂದಿನ ರಾತ್ರಿ ಮೆಜೆಸ್ಟಿಕ್‌ನಲ್ಲಿ ಸೀಟು ಸಿಗದೆ ಮಗಳು ಡ್ರೈವರನ ಪಕ್ಕದ ಪೆಟ್ಟಿಗೆಯ ಮೇಲೆ ಕೂತು ಬಂದಳು. ನಮಗೆ ಬೆನ್ನು ತಟ್ಟಿಕೊಳ್ಳಲು ಇಷ್ಟು ಸಾಕು. ಆದರೆ ಅದೇ ಶೇ. 77 ಜನ ಗ್ರಾಮಸಭೆಯ ದಿನ ಎಲ್ಲಿರುತ್ತಾರೆ ಎಂದು ನನಗೆ ಆಶ್ಚರ್ಯ. ಶಾಮಿಯಾನ ಹಾಕಿ, ಕುರ್ಚಿ ಇಟ್ಟು, ಅಧಿಕಾರಿಗಳು ಬಂದು ಕೂತಿರುತ್ತಾರೆ. ಕುರ್ಚಿಗಳು ಬಿಸಿಲು ಕಾಯುತ್ತವೆ. 2018ರಲ್ಲಿ ಸುನಿಲ್ ಛೆಟ್ರಿ ಮಾಡಿದ ವಿಡಿಯೊ ನಿಮಗೆ ನೆನಪಿರಬಹುದು. ಮುಂಬಯಿಯಲ್ಲಿ ಭಾರತ 5–0ಯಿಂದ ಗೆದ್ದಿತ್ತು, ನೋಡಲು ಎರಡೂವರೆ ಸಾವಿರ ಜನ. ನಾಯಕ ಕೈಮುಗಿದು, ಬೈಯುವುದಿದ್ದರೂ ಮೈದಾನಕ್ಕೆ ಬಂದು ಬೈಯಿರಿ ಎಂಬರ್ಥದಲ್ಲಿ ಕೇಳಿಕೊಂಡ. ಮುಂದಿನ ಪಂದ್ಯಕ್ಕೆ ಟಿಕೇಟು ಪೂರ್ತಿ ಖಾಲಿ. ನಮ್ಮ ಪಂಚಾಯತ್ ಅಧ್ಯಕ್ಷರೂ ಅಂಥ ಒಂದು ವಿಡಿಯೊ ಮಾಡಬೇಕು ಎಂದು ನನ್ನ ಸಲಹೆ. ಅವರು ನಗುತ್ತಿದ್ದಾರೆ.

ಬೆಂಗಳೂರಿನಲ್ಲಿ ನೆಲೆ ನಿಂತ ಹಳೆ ವಿದ್ಯಾರ್ಥಿಗಳಿಗೆ ಒಂದು ಮಾತು. ಊರಿನ ಪಟ್ಟಿಯಲ್ಲೇ ಹೆಸರು ಇರಲಿ ಎಂಬ ಪ್ರೀತಿ ಒಳ್ಳೆಯದು. ಬರುವುದಾದರೆ ಇರಲಿ. ಬರಲಾಗದಿದ್ದರೆ ಎಂಟನೇ ನಂಬ್ರದ ಫಾರ್ಮು ಕೊಟ್ಟು ಅಲ್ಲಿಗೆ ವರ್ಗ ಮಾಡಿಸಿ, ಅಲ್ಲಿಯ ಚರಂಡಿಗೂ ಒಬ್ಬರು ಬೇಕು. ಗಲ್ಫಿನವರಿಗೆ 2011ರಿಂದ ಪಟ್ಟಿಯಲ್ಲಿ ಹೆಸರು ಸೇರಿಸಲು ಅವಕಾಶ ಇದೆ, 6ಎ ಫಾರ್ಮು. ಆದರೆ ಪಾಸ್‌ಪೋರ್ಟ್ ಹಿಡಿದು ಇಲ್ಲಿಗೇ ಬಂದು ಹಾಕಬೇಕು. ವಿಮಾನದ ಟಿಕೇಟು ಯಾರು ಕೊಡುತ್ತಾರೆ ಎಂದು ನೀವು ಕೇಳಿದರೆ ನನ್ನಲ್ಲಿ ಉತ್ತರ ಇಲ್ಲ. ಅದು ಬದಲಾಗಬೇಕು.

ಮಕ್ಕಳೇ, ನಿಮ್ಮಲ್ಲಿ ಯಾರಿಗೂ ಇನ್ನೂ ಹದಿನೇಳು ಆಗಿರಲಿಕ್ಕಿಲ್ಲ. ಹದಿನೇಳು ತುಂಬಿದರೆ ಮುಂಗಡವಾಗಿ ಆರನೇ ನಂಬ್ರದ ಫಾರ್ಮು ಕೊಡಬಹುದು. ನನ್ನ ಹಾಗೆ ಇಪ್ಪತ್ತೊಂದರವರೆಗೆ ಕಾಯುವ ಅಗತ್ಯ ಇಲ್ಲ. ಅಣ್ಣ, ಅಕ್ಕಂದಿರು ಮನೆಯಲ್ಲಿದ್ದರೆ ಇವತ್ತೇ ಕೇಳಿ.

ಅಕ್ಕ ಇವತ್ತು ಬಂದಿದ್ದಾರೆ. ಮೂರನೇ ಸಾಲಿನಲ್ಲಿ ಕೂತಿದ್ದಾರೆ, ಹೆಸರು ಹೇಳಬೇಡ ಎಂದು ಮೊದಲೇ ಹೇಳಿದ್ದಾರೆ. ಈ ಕಥೆ ಹೇಳಲು ಅವರ ಒಪ್ಪಿಗೆ ಪಡೆದಿದ್ದೇನೆ.

ನಾಲ್ಕು ಗಂಟೆಗೆ ಮೈದಾನದಲ್ಲಿ ಹಳೆ ವಿದ್ಯಾರ್ಥಿಗಳಿಗೂ ಹತ್ತನೇ ತರಗತಿಯವರಿಗೂ ಫುಟ್‌ಬಾಲ್ ಇದೆ. ಚೆಂಡು ಹೊಸದು, ಗಾಳಿ ತುಂಬಿಸಿ ಇಟ್ಟಿದ್ದೇವೆ. ನಮ್ಮ ಕಡೆಗೆ ಇನ್ನೂ ಮೂವರು ಬೇಕು. ಮೊಣಕಾಲು ಸರಿ ಇರುವವರು ಹೆಸರು ಕೊಡಿ. ಲೆಫ್ಟ್ ಬ್ಯಾಕ್ ಮಾತ್ರ ಕೇಳಬೇಡಿ, ಅದು ನನ್ನದು.